ಸ್ಕ್ಯಾಪ್, ಸ್ಟ್ಯಾಪ್: ಕಿವಿ ಸರಿಯಿದ್ದೂ ಮಾತು ಹಿಡಿಯದ ಮಕ್ಕಳನ್ನು ಗುರುತಿಸುವ ಮೈಸೂರಿನ ಎರಡು ಸಾಧನಗಳು ಎಷ್ಟು ಕೆಲಸಕ್ಕೆ ಬರುತ್ತವೆ?

"ಪುಸ್ತಕ ತೆಗೀರಿ, 42ನೇ ಪುಟ, ಮೂರನೇ ಪ್ರಶ್ನೆಗೆ ಉತ್ತರ ಬರೀರಿ." ತರಗತಿಯಲ್ಲಿ ಒಂದು ಮಗು ಪುಸ್ತಕ ತೆಗೆದು ಪಕ್ಕದವರ ಪುಟ ನೋಡುತ್ತದೆ. ದಿನವೂ ಹೀಗೇ. ಮೇಷ್ಟ್ರು "ಹೇಳಿದ್ದು ಕಿವಿ ಮೇಲೆ ಹಾಕ್ಕೊಳ್ಳೋದೇ ಇಲ್ಲ" ಅನ್ನುತ್ತಾರೆ, ಮನೆಯವರು ಕಿವಿ ಪರೀಕ್ಷೆ ಮಾಡಿಸುತ್ತಾರೆ, ವರದಿ ಪೂರ್ತಿ ಸರಿ ಎಂದು ಬರುತ್ತದೆ. ಅಲ್ಲಿಂದ ಮುಂದೆ ಮಗುವಿಗೆ ಸಿಗುವುದು "ಉದಾಸೀನ" ಎಂಬ ಹಣೆಪಟ್ಟಿ. ಇಂಥ ಮಕ್ಕಳಲ್ಲಿ ಕೆಲವರ ತೊಂದರೆ ಕಿವಿಯಲ್ಲಿಲ್ಲ. ಕೇಳಿದ ಸದ್ದನ್ನು ಮಿದುಳು ಬಿಡಿಸಿ, ಬೇರ್ಪಡಿಸಿ, ಜೋಡಿಸಿಕೊಳ್ಳುವ ಹಂತದಲ್ಲಿದೆ. ಇದನ್ನೇ ಶ್ರವಣ ಸಂಸ್ಕರಣೆಯ ತೊಂದರೆ, ಚುಟುಕಾಗಿ ಎಪಿಡಿ, ಎನ್ನುತ್ತಾರೆ. ಮಾಮೂಲಿ ಶ್ರವಣ ಪರೀಕ್ಷೆ ನಿಶ್ಶಬ್ದ ಕೋಣೆಯಲ್ಲಿ ಒಂದೊಂದೇ 'ಪೀಂ' ಸದ್ದು ಕೇಳಿಸಿ ಕೈ ಎತ್ತಿಸುವ ಪರೀಕ್ಷೆ. ಐವತ್ತು ಮಕ್ಕಳ ಗದ್ದಲದ ನಡುವೆ ಮೇಷ್ಟ್ರ ಮಾತನ್ನು ಹೆಕ್ಕಿಕೊಳ್ಳುವ ಶಕ್ತಿ ಅದರಲ್ಲಿ ಅಳತೆಗೆ ಸಿಗುವುದಿಲ್ಲ.

ಈ ಕಂದರ ತುಂಬಲೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡು ಸಾಧನಗಳು ರೂಪುಗೊಂಡವು. ಒಂದು ಸ್ಕ್ಯಾಪ್ ಎಂಬ ಪ್ರಶ್ನಾವಳಿ, ಇನ್ನೊಂದು ಹೆಡ್‌ಫೋನ್ ಹಾಕಿ ಮಾಡುವ ಸ್ಟ್ಯಾಪ್ ಎಂಬ ಪರೀಕ್ಷೆ. ಎರಡರ ಹಿಂದೆಯೂ ಪ್ರೊಫೆಸರ್ ಆಶಾ ಯತಿರಾಜ್ ಮತ್ತು ಅವರ ಜತೆ ಕೆಲಸ ಮಾಡಿದ ಸಂಶೋಧಕರಿದ್ದಾರೆ. ನಮ್ಮ ಶಾಲೆಗಳಿಗೆ ಹೊಂದುವ ತಪಾಸಣೆ ಯಾವುದು ಎಂದು ಕೇಳುವವರಿಗೆ ನಮ್ಮ ಉತ್ತರ ಈ ಜೋಡಿಯೇ. ಆದರೆ ಎರಡನ್ನೂ ಬಳಸಬೇಕು, ಸರಿಯಾದ ಕ್ರಮದಲ್ಲಿ ಬಳಸಬೇಕು. ಕನ್ನಡ ಮಾಧ್ಯಮದ ಮಗುವಿನ ವಿಷಯಕ್ಕೆ ಬಂದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಮೊದಲು ಸ್ಕ್ಯಾಪ್. ಒಂದೇ ಹಾಳೆ, ಹನ್ನೆರಡು ಅಂಶ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಹೌದು ಎಂದರೆ ಒಂದು ಅಂಕ. ಆರು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಗುವನ್ನು ಮುಂದಿನ ಹಂತಕ್ಕೆ ಕಳುಹಿಸಬೇಕು. ತುಂಬುವವರು ತರಗತಿಯ ಶಿಕ್ಷಕರು. ಹೇಳಿದ್ದನ್ನು ಮತ್ತೆ ಮತ್ತೆ ಹೇಳಬೇಕೇ, ಹಿನ್ನೆಲೆಯ ಸದ್ದಿಗೆ ಗಮನ ಬೇಗ ಚದುರುತ್ತದೆಯೇ, ಕೇಳಿದ್ದನ್ನು ಅದೇ ಕ್ರಮದಲ್ಲಿ ಹೇಳಲು ತಡವರಿಸುತ್ತದೆಯೇ, ಕೆಲವೇ ನಿಮಿಷದಲ್ಲಿ ಮರೆಯುತ್ತದೆಯೇ, ಒಂದೇ ಥರದ ಧ್ವನಿಗಳನ್ನು ಅದಲುಬದಲು ಮಾಡುತ್ತದೆಯೇ, ಉತ್ತರ ಕೊಡಲು ತಡ ಮಾಡುತ್ತದೆಯೇ, ಬೋರ್ಡಿನ ಮೇಲೆ ಬರೆದರೆ ಅಥವಾ ಚಿತ್ರ ತೋರಿಸಿದರೆ ಅದೇ ಕೆಲಸ ಚೆನ್ನಾಗಿ ಮಾಡುತ್ತದೆಯೇ ಎಂಬ ಬಗೆಯ ಪ್ರಶ್ನೆಗಳಿವೆ.

ಇವುಗಳಲ್ಲಿ ನಮಗೆ ತುಂಬ ಬೆಲೆಬಾಳುವುದು ಎನಿಸುವುದು ಆ ಕೊನೆಯ ಅಂಶ. ಕೇಳಿ ಮಾಡುವಾಗ ಎಡವಿ, ನೋಡಿ ಮಾಡುವಾಗ ಗೆಲ್ಲುವ ಮಗುವಿನಲ್ಲಿ ಬುದ್ಧಿಯ ಕೊರತೆಯಿಲ್ಲ ಎಂಬುದಕ್ಕೆ ತರಗತಿಯಲ್ಲೇ ಸಿಗುವ ಪುರಾವೆ ಇದು. ಧ್ವನಿ ಅದಲುಬದಲಿನ ಪ್ರಶ್ನೆಗೆ ಉತ್ತರ ಹುಡುಕಲು ಕನ್ನಡ ಮೇಷ್ಟ್ರ ಕೈಯಲ್ಲಿ ಒಳ್ಳೆಯ ಆಧಾರ ಇದೆ: ಉಕ್ತಲೇಖನದ ಪುಸ್ತಕ. ಅದನ್ನು ತಿರುವಿ ಹಾಕಿ. 'ಕತ್ತೆ' ಎಂದು ಹೇಳಿದ್ದಕ್ಕೆ 'ಕತೆ' ಎಂದು ಬರೆದಿದೆಯೇ? ಈ ಎರಡರ ನಡುವಿನ ಮುಖ್ಯ ಅಂತರ ತಕಾರ ಹೊರಬೀಳುವ ಮೊದಲು ಸದ್ದು ನಿಂತಿರುವ ಹೊತ್ತು. ಅದೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನ ಲೆಕ್ಕಾಚಾರ. ಕಾಲದ ಸೂಕ್ಷ್ಮ ಹಿಡಿಯಲಾಗದ ಮಗು ಇಲ್ಲಿ ಮತ್ತೆ ಮತ್ತೆ ತಪ್ಪುತ್ತದೆ. ಆದರೆ 'ಮಣೆ' ಬದಲು 'ಮನೆ', 'ಬಳೆ' ಬದಲು 'ಬಲೆ' ಎಂದು ಬರೆದ ಕೂಡಲೇ ಹೌದು ಎಂದು ಗುರುತು ಹಾಕಬಾರದು. ಮಗುವಿನ ಮನೆಮಾತಿನಲ್ಲಿ ಣ-ನ, ಳ-ಲ ವ್ಯತ್ಯಾಸ ಇದೆಯೇ ಎಂದು ಮೊದಲು ನೋಡಬೇಕು. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು 'ಆಲು' ಆಗುತ್ತದೆ. ಮಹಾಪ್ರಾಣವಂತೂ ಬಹುತೇಕರ ಆಡುಮಾತಿನಲ್ಲೇ ಇಲ್ಲ. ಅದು ಊರಿನ ಮಾತು, ತೊಂದರೆ ಅಲ್ಲ.

ಸ್ಕ್ಯಾಪ್ ಎಡವುವ ಜಾಗಗಳೂ ಇವೆ. ಒಂದು ವಿಷಯದಲ್ಲಾದರೂ ಮಗು ಹಿಂದೆ ಬಿದ್ದಿದೆಯೇ ಎಂಬುದೂ ಹನ್ನೆರಡರಲ್ಲಿ ಒಂದು ಅಂಶ. ಹಿಂದೆ ಬೀಳಲು ನೂರು ಕಾರಣ ಇರಬಹುದು. ಈ ಪ್ರಶ್ನೆ ಅವುಗಳನ್ನು ಬೇರ್ಪಡಿಸುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ತುಂಬುವ ರೀತಿಯಲ್ಲಿದೆ. ನಲವತ್ತು ಐವತ್ತು ಹಾಳೆಗಳನ್ನು ಒಂದೇ ಸಂಜೆ ಕೂತು ತುಂಬಿದರೆ, ಅಂಕಪಟ್ಟಿಯ ಕೊನೆಯಲ್ಲಿರುವ ಮಕ್ಕಳಿಗೆಲ್ಲ ಎಲ್ಲ ಕಾಲಂನಲ್ಲೂ ಹೌದು ಬೀಳುತ್ತದೆ, ಅಂಕ ಚೆನ್ನಾಗಿ ತೆಗೆದು ಮೌನವಾಗಿ ಒದ್ದಾಡುವ ಮಗು ಜರಡಿಯಿಂದ ಜಾರಿಹೋಗುತ್ತದೆ. ದಿನಕ್ಕೆ ಐದೋ ಆರೋ ಮಕ್ಕಳ ಹಾಳೆ ತುಂಬುವುದು ಒಳ್ಳೆಯದು. ಜೂನ್‌ನಲ್ಲಿ ತುಂಬಿಸಲೇಬಾರದು; ಆಗ ಶಿಕ್ಷಕರಿಗೆ ಮಕ್ಕಳ ಹೆಸರೇ ನೆನಪಿರುವುದಿಲ್ಲ. ದಸರಾ ರಜೆ ಮುಗಿದ ಮೇಲೆ, ಕನಿಷ್ಠ ಒಂದು ಪರೀಕ್ಷೆ ಕಳೆದ ಮೇಲೆ, ಆ ತರಗತಿಗೆ ಹೆಚ್ಚು ಪೀರಿಯಡ್ ತೆಗೆದುಕೊಳ್ಳುವವರು ತುಂಬಬೇಕು. 'ಕೆಲವೊಮ್ಮೆ' ಎಂಬ ಆಯ್ಕೆ ಇಲ್ಲದ್ದು ಕೆಲವರಿಗೆ ಕಿರಿಕಿರಿ. ಅಂಥ ಕಡೆ ಒಂದು ಸರಳ ನಿಯಮ ಇಟ್ಟುಕೊಳ್ಳಬಹುದು: ವಾರದಲ್ಲಿ ಎರಡು ಮೂರು ದಿನವಾದರೂ ಕಣ್ಣಿಗೆ ಬಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಇದು ಹಾಳೆಯಲ್ಲಿ ಮುದ್ರಿತವಾದ ನಿಯಮವಲ್ಲ, ನಮ್ಮ ಸಲಹೆ. ಶಾಲೆಯ ಎಲ್ಲ ಶಿಕ್ಷಕರೂ ಒಂದೇ ಅಳತೆಗೋಲು ಹಿಡಿದರೆ ಅಂಕಗಳನ್ನು ಹೋಲಿಸಲು ಬರುತ್ತದೆ.

ಸ್ಕ್ಯಾಪ್‌ನಿಂದ ನೇರವಾಗಿ ಸ್ಟ್ಯಾಪ್‌ಗೆ ಹಾರಬಾರದು. ನಡುವೆ ಕಿವಿಯ ಪರೀಕ್ಷೆ ಆಗಲೇಬೇಕು. 500ರಿಂದ 4000 ಹರ್ಟ್ಸ್‌ವರೆಗಿನ ಸದ್ದುಗಳು 20 ಡೆಸಿಬೆಲ್‌ನಲ್ಲಿ ಎರಡೂ ಕಿವಿಗೆ ಕೇಳಿಸುತ್ತವೆಯೇ, ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದೆಯೇ, ಟಿಂಪನೋಮೆಟ್ರಿಯಲ್ಲಿ ಕಿವಿತಮಟೆಯ ಚಲನೆ ಸರಿಯಿದೆಯೇ ಎಂದು ನೋಡಬೇಕು. ಮಳೆಗಾಲದ ಶೀತದಲ್ಲಿ ನಡುಗಿವಿಗೆ ದ್ರವ ತುಂಬಿಕೊಂಡ ಮಗು ನೋವು ಅನ್ನುವುದಿಲ್ಲ, ಆದರೆ ಎಲ್ಲವೂ ಗೋಡೆಯಾಚೆಯಿಂದ ಬಂದ ಹಾಗೆ ಕೇಳಿಸಿಕೊಳ್ಳುತ್ತಿರುತ್ತದೆ. ಅಂಥ ಮಗು ಸ್ಟ್ಯಾಪ್‌ನಲ್ಲಿ ನಪಾಸಾದರೆ ಆ ಫಲಿತಾಂಶಕ್ಕೆ ಅರ್ಥವಿಲ್ಲ. ಮೊದಲು ಕಿವಿ ಮೂಗು ಗಂಟಲು ವೈದ್ಯರು, ದ್ರವ ಇಳಿದ ಮೇಲೆ ಸಂಸ್ಕರಣೆಯ ಮಾತು.

ಸ್ಟ್ಯಾಪ್ ರೂಪಿಸುವಾಗ 8ರಿಂದ 13 ವರ್ಷದ 400 ಶಾಲಾ ಮಕ್ಕಳ ಮೇಲೆ ಪ್ರಯೋಗ ನಡೆಯಿತು. ವರದಿ ಪ್ರಕಟವಾದದ್ದು 2013ರಲ್ಲಿ. ಇದರಲ್ಲಿ ನಾಲ್ಕು ಭಾಗ: ಗದ್ದಲದ ನಡುವೆ ಪದ ಗುರುತಿಸುವುದು, ಎರಡು ಕಿವಿಗೆ ಒಟ್ಟಿಗೇ ಬೇರೆ ಬೇರೆ ಅಕ್ಷರ ಕೇಳಿಸುವುದು, ಸದ್ದಿನ ನಡುವಿನ ಬಿರುಕು ಪತ್ತೆಹಚ್ಚುವುದು, ಕೇಳಿದ ಪದಗಳನ್ನು ನೆನಪಿನಿಂದ ಹೇಳುವುದು. ಒಂದು ಮಗುವಿಗೆ ಕಾಲು ಗಂಟೆ ಮೀಸಲಿಟ್ಟರೆ ಸಾಕು. ನಾಲ್ಕೂ ಭಾಗ ನಾಲ್ಕು ಬೇರೆ ಶಕ್ತಿಗಳನ್ನು ಮುಟ್ಟುವಂತೆ ಆಯ್ದಿರುವುದು ಈ ಪರೀಕ್ಷೆಯ ನಿಜವಾದ ಬಲ. ಬರೀ ಗದ್ದಲದ ಪರೀಕ್ಷೆ ಇದ್ದಿದ್ದರೆ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳಲಾಗದ ಮಗು ಸಲೀಸಾಗಿ ಪಾಸಾಗುತ್ತಿತ್ತು.

ಎರಡು ಕಿವಿಯ ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದಕ್ಕೆ ಡೈಕಾಟಿಕ್ ಪರೀಕ್ಷೆ ಎಂದು ಹೆಸರು. ಪ, ಟ, ಕ, ಬ, ಡ, ಗ ಎಂಬ ಆರೇ ಅಕ್ಷರ. ಬಲಗಿವಿಗೆ 'ಪ' ಬಿದ್ದ ಗಳಿಗೆಯಲ್ಲೇ ಎಡಗಿವಿಗೆ 'ಗ' ಬೀಳುತ್ತದೆ. ಮಗು ಎರಡನ್ನೂ ಹೇಳಬೇಕು. ಹೆಚ್ಚಿನ ಮಕ್ಕಳಿಗೆ ಬಲಗಿವಿಯದ್ದು ಚೆನ್ನಾಗಿ ಸಿಗುತ್ತದೆ. ಕಾರಣ, ಬಲಗಿವಿಯ ಮಾತು ಎಡ ಮಿದುಳಿನ ಭಾಷಾ ಭಾಗಕ್ಕೆ ನೇರವಾಗಿ ತಲುಪುತ್ತದೆ. ಎಡಗಿವಿಯದ್ದು ಬಲ ಮಿದುಳಿಗೆ ಹೋಗಿ, ಎರಡು ಅರೆಗೋಳಗಳನ್ನು ಬೆಸೆಯುವ ಸೇತುವೆ ದಾಟಿ ಬರಬೇಕು. ಆ ಸೇತುವೆ ಬಲಿಯಲು ಹನ್ನೊಂದು ಹನ್ನೆರಡು ವರ್ಷವೇ ಬೇಕು. ಆದ್ದರಿಂದ ಎಂಟು ವರ್ಷದ ಮಗು ಎಡಗಿವಿಯಲ್ಲಿ ಹಿಂದಿದೆ ಎಂದ ಕೂಡಲೇ ಗಾಬರಿ ಬೀಳಬೇಕಿಲ್ಲ. ವಯಸ್ಸಿನ ಅಳತೆಗಿಂತ ಹಿಂದಿದೆಯೇ ಎಂಬುದೇ ಪ್ರಶ್ನೆ. ಕೆಲವು ಮಕ್ಕಳು ಒಂದೇ ಅಕ್ಷರ ಹೇಳಿ ಸುಮ್ಮನಾಗುತ್ತಾರೆ. ಅದು ಕೇಳಿಸದ್ದಕ್ಕೋ, ಎರಡು ಹೇಳಬೇಕೆಂದು ಅರ್ಥವಾಗದ್ದಕ್ಕೋ ಎಂದು ತಿಳಿಯಲು ಮೊದಲು ಎರಡು ಮೂರು ಜೋಡಿ ಅಭ್ಯಾಸ ಮಾಡಿಸಲೇಬೇಕು. "ಎರಡು ಕಿವಿಗೂ ಬೇರೆ ಬೇರೆ ಹೇಳ್ತಾರೆ, ಎರಡೂ ಹೇಳು, ಯಾವುದು ಮೊದಲಾದರೂ ಸರಿ" ಎಂದು ಮಗುವಿನ ಭಾಷೆಯಲ್ಲೇ ಹೇಳಿ.

ಬಿರುಕು ಪತ್ತೆಯ ಭಾಗದಲ್ಲಿ 'ಶ್‌ಶ್‌ಶ್' ಎಂಬಂಥ ಸದ್ದುಗಳ ನಡುವೆ ಒಂದರಲ್ಲಿ ಕೆಲವೇ ಸಾವಿರಾಂಶ ಸೆಕೆಂಡಿನ ಮೌನ ಅಡಗಿರುತ್ತದೆ. ಅದನ್ನು ಹಿಡಿಯಬೇಕು. ನೆನಪಿನ ಭಾಗದಲ್ಲಿ ನಾಚಿಕೆಯ ಮಗು ತೊದಲಿದರೂ ಸಮಯ ಕೊಡಬೇಕು. ಪರೀಕ್ಷಕರ ತುಟಿ ಹುಬ್ಬುಗಳಿಂದ ಸುಳಿವು ಸಿಗಬಾರದು.

ಶಾಲೆಗಳಲ್ಲಿ ಈ ಪರೀಕ್ಷೆ ಕೆಡುವುದು ಬಹುಪಾಲು ಯಂತ್ರದ ಕಾರಣಕ್ಕೆ, ಅದೂ ಯಾರ ಗಮನಕ್ಕೂ ಬಾರದ ಹಾಗೆ. ಲ್ಯಾಪ್‌ಟಾಪ್‌ನಲ್ಲಿ 'ಮೋನೋ ಆಡಿಯೋ' ಆನ್ ಆಗಿದ್ದರೆ ಎಡ ಬಲ ಎರಡೂ ಕಲೆತು ಎರಡು ಕಿವಿಗೂ ಒಂದೇ ಮಿಶ್ರಣ ಬೀಳುತ್ತದೆ. ಡೈಕಾಟಿಕ್ ಭಾಗ ಆ ಕ್ಷಣಕ್ಕೇ ಸತ್ತಂತೆ, ಆದರೆ ಪರದೆಯ ಮೇಲೆ ಏನೂ ಗೊತ್ತಾಗುವುದಿಲ್ಲ. 'ಆಡಿಯೋ ಎನ್‌ಹಾನ್ಸ್‌ಮೆಂಟ್' ಆನ್ ಇದ್ದರೆ ಗದ್ದಲವನ್ನು ತಾನೇ ತಗ್ಗಿಸಿ ಮಾತನ್ನು ಎತ್ತಿಬಿಡುತ್ತದೆ. ಮಗು ಪಾಸಾಗುವುದು ತನ್ನ ಶಕ್ತಿಯಿಂದಲ್ಲ, ಸಾಫ್ಟ್‌ವೇರ್‌ನಿಂದ. ಬ್ಲೂಟೂತ್ ಇಯರ್‌ಬಡ್ ಬೇಡವೇ ಬೇಡ. ಅದು ಧ್ವನಿಯನ್ನು ಒತ್ತಿ ಕಿರಿದು ಮಾಡುತ್ತದೆ, ಕೆಲವದರಲ್ಲಿ ಎರಡು ಕಿವಿಯ ನಡುವೆ ಸಮಯವೂ ಹೊಂದುವುದಿಲ್ಲ. ಧ್ವನಿಮುದ್ರಿಕೆಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ಅಲ್ಲಿಂದಲೇ ನುಡಿಸುವುದೂ ತಪ್ಪು. ಕಿರಿದು ಮಾಡಿದ ಫೈಲಿನಲ್ಲಿ ಆ ಪುಟ್ಟ ಮೌನದ ಅಂಚುಗಳು ಮಸುಕಾಗುತ್ತವೆ. ಮೂಲ ವೇವ್ ಫೈಲ್, ತಂತಿಯ ಹೆಡ್‌ಫೋನ್, ಕಿವಿ ಪೂರ್ತಿ ಮುಚ್ಚುವ ಕುಶನ್ ಬೇಕು. ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ಪ್ರತಿ ದಿನ ಶುರುವಿನಲ್ಲಿ ಪರೀಕ್ಷಕರೇ ಹೆಡ್‌ಫೋನ್ ಹಾಕಿಕೊಂಡು ಎಡದ ಸದ್ದು ಎಡಕ್ಕೇ, ಬಲದ್ದು ಬಲಕ್ಕೇ ಬರುತ್ತಿದೆಯೇ ಎಂದು ಕೇಳಿ ನೋಡಬೇಕು. ವಾಲ್ಯೂಮ್ ಮಟ್ಟವನ್ನು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಅಳತೆ ಮಾಡಿ ಗೊತ್ತುಪಡಿಸಿದ ಮೇಲೆ ಆ ಗುರುತಿಗೆ ಟೇಪ್ ಅಂಟಿಸಿಬಿಡಿ. ಮಗುವಿನಿಂದ ಮಗುವಿಗೆ ಅದು ಬದಲಾಗಬಾರದು.

ಕೋಣೆಯ ವಿಷಯಕ್ಕೆ ಬಂದರೆ, ನಮ್ಮ ಶಾಲೆಗಳಲ್ಲಿ ಪೂರ್ತಿ ನಿಶ್ಶಬ್ದ ಕೋಣೆ ಸಿಗುವುದಿಲ್ಲ. ರಸ್ತೆಯಿಂದ, ಅಡುಗೆಮನೆಯಿಂದ ದೂರದ ಮೂಲೆಕೋಣೆ ಆರಿಸಿ. ಬಿಸಿಯೂಟದ ತಟ್ಟೆಗಳ ಸದ್ದು ಶುರುವಾಗುವ ಮೊದಲು, ಬೆಳಗಿನ ಎರಡು ಮೂರು ಪೀರಿಯಡ್‌ನಲ್ಲಿ ಮುಗಿಸಿ. ಫ್ಯಾನ್ ಆರಿಸಿ, ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ. ಊಟದ ಮೇಲೆ, ಆಟದ ಪೀರಿಯಡ್ ಕಸಿದುಕೊಂಡು ಮಾಡಿದ ಪರೀಕ್ಷೆ ಮಗುವಿನ ಬೇಸರವನ್ನು ಅಳೆಯುತ್ತದೆ.

ಈಗ ಫಲಿತಾಂಶವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ. ಆಡಿಯಾಲಜಿಸ್ಟ್ ಮಾಡುವ ಎಪಿಡಿಯ ಪೂರ್ಣ ಪರೀಕ್ಷೆಗಳ ಜತೆ ಹೋಲಿಸಿ ನೋಡಿದಾಗ, ತೊಂದರೆಯಿರುವವರನ್ನು ಹಿಡಿಯುವುದರಲ್ಲೂ ಇಲ್ಲದವರನ್ನು ಬಿಡುವುದರಲ್ಲೂ ಎರಡು ಸಾಧನಗಳ ನಿಖರತೆ ನೂರಕ್ಕೆ 70ರ ಆಸುಪಾಸು. ಕೇಳಲು ಚೆನ್ನಾಗಿದೆ, ಆದರೆ ಶಾಲೆಯ ಲೆಕ್ಕಕ್ಕೆ ಇಳಿಸಿ ನೋಡಿ. ಉದಾಹರಣೆಗೆ ನೂರು ಮಕ್ಕಳಲ್ಲಿ ಐವರಿಗೆ ನಿಜವಾಗಿ ತೊಂದರೆ ಇದೆ ಎಂದುಕೊಳ್ಳೋಣ. ಸಾಧನ ಆ ಐವರಲ್ಲಿ ಮೂರ್ನಾಲ್ಕು ಮಕ್ಕಳನ್ನು ಹಿಡಿಯುತ್ತದೆ. ಉಳಿದ 95 ಮಕ್ಕಳಲ್ಲಿ ಸುಮಾರು 28 ಮಂದಿಯನ್ನೂ ಸುಮ್ಮನೆ ಹಿಡಿಯುತ್ತದೆ. ಅಂದರೆ ಪಟ್ಟಿಗೆ ಬಂದ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ನಿಜವಾದವರು ಮೂರೋ ನಾಲ್ಕೋ. ಹಾಗಾಗಿಯೇ ಒಂದೇ ಸಾಧನದ ಮೇಲೆ ಮಗುವಿಗೆ ಹೆಸರಿಡಬಾರದು. ಎರಡರಲ್ಲೂ ಸಿಕ್ಕಿಬಿದ್ದವರನ್ನು ಮಾತ್ರ ಮುಂದೆ ಕಳುಹಿಸಿದರೆ, ಎರಡೂ ಒಂದನ್ನೊಂದು ಅವಲಂಬಿಸಿಲ್ಲ ಎಂದು ಭಾವಿಸಿದಲ್ಲಿ, ಸುಮ್ಮನೆ ಸಿಕ್ಕವರ ಸಂಖ್ಯೆ ಎಂಟು ಒಂಬತ್ತಕ್ಕೆ ಇಳಿಯುತ್ತದೆ. ಜತೆಗೆ ನಿಜವಾದವರಲ್ಲೂ ಇನ್ನೊಬ್ಬರು ಕೈತಪ್ಪುತ್ತಾರೆ. ಆಡಿಯಾಲಜಿಸ್ಟ್ ಹತ್ತಿರದಲ್ಲಿರುವ ಮೈಸೂರು, ಬೆಂಗಳೂರು, ಮಂಗಳೂರಿನ ಶಾಲೆಗಳು ಯಾವುದಾದರೂ ಒಂದರಲ್ಲಿ ಸಿಕ್ಕ ಮಗುವನ್ನೂ ಕಳುಹಿಸಲಿ. ಪೂರ್ಣ ಪರೀಕ್ಷೆಗೆ ದಿನಗಟ್ಟಲೆ ಪ್ರಯಾಣ ಬೇಕಾಗುವ ಊರುಗಳಲ್ಲಿ ಎರಡರಲ್ಲೂ ಸಿಕ್ಕವರಿಗೆ ಮೊದಲ ಆದ್ಯತೆ ಕೊಟ್ಟು, ಒಂದರಲ್ಲಿ ಸಿಕ್ಕವರನ್ನು ಮುಂದಿನ ಅವಧಿಯಲ್ಲಿ ಮತ್ತೆ ಪರೀಕ್ಷಿಸುವುದು ಸರಿ.

ಇನ್ನು ನಮ್ಮನ್ನು ಹೆಚ್ಚು ಕಾಡುವ ವಿಷಯ, ಭಾಷೆ. ಸ್ಟ್ಯಾಪ್‌ನ ಪದಗಳು ಭಾರತೀಯ ಉಚ್ಚಾರದ ಇಂಗ್ಲಿಷ್‌ನಲ್ಲಿವೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇದು ವರದಾನ, ಏಕೆಂದರೆ ಹೊರದೇಶದ ಪರೀಕ್ಷೆಗಳ ಉಚ್ಚಾರವೇ ನಮ್ಮ ಮಕ್ಕಳಿಗೆ ಒಂದು ಗದ್ದಲ. ಆದರೆ ಯಾದಗಿರಿಯ ಅಥವಾ ಚಾಮರಾಜನಗರದ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯ ಮಗು ಗದ್ದಲದ ನಡುವೆ ಇಂಗ್ಲಿಷ್ ಪದ ಹಿಡಿಯದಿದ್ದರೆ, ಅದು ಶ್ರವಣದ ತೊಂದರೆಯೋ ಪದವೇ ಗೊತ್ತಿಲ್ಲದ್ದೋ ಎಂದು ಯಾರೂ ಹೇಳಲಾರರು. ಗೊತ್ತಿರುವ ಪದವನ್ನು ಗದ್ದಲದಲ್ಲೂ ಊಹಿಸಿ ತುಂಬಿಕೊಳ್ಳಬಹುದು. ಗೊತ್ತಿಲ್ಲದ್ದನ್ನು ಹೇಗೆ ತುಂಬಿಕೊಳ್ಳುವುದು? ನೆನಪಿನ ಭಾಗಕ್ಕೂ ಇದೇ ಮಾತು. ಇಂಥ ಮಗುವಿಗೆ ಬಿರುಕು ಪತ್ತೆ ಮತ್ತು ಡೈಕಾಟಿಕ್ ಭಾಗಗಳ ಫಲಿತಾಂಶವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬೇಕು, ಅವು ಪದಜ್ಞಾನವನ್ನು ಕೇಳುವುದಿಲ್ಲ. ಪದಗಳ ಎರಡು ಭಾಗದ ಅಂಕವನ್ನು ವರದಿಗೆ ಸೇರಿಸಲೇಬಾರದು. ಕನ್ನಡದ ಪದಪಟ್ಟಿ, ಕನ್ನಡದ ಶ್ರವಣ ಸ್ಮರಣೆ ಮತ್ತು ಅನುಕ್ರಮ ಪರೀಕ್ಷೆ ಅದೇ ಸಂಸ್ಥೆಯಲ್ಲಿ ತಯಾರಾಗಿವೆ. ಪೂರ್ಣ ಪರೀಕ್ಷೆಗೆ ಹೋದಾಗ ಅವುಗಳಲ್ಲೇ ಪರೀಕ್ಷಿಸಿ ಎಂದು ಪೋಷಕರು ಕೇಳಬೇಕು. ತಾವೇ ಕನ್ನಡ ಪದಗಳನ್ನು ಮೊಬೈಲ್‌ನಲ್ಲಿ ಮುದ್ರಿಸಿ ಹಿಂದೆ ಗದ್ದಲ ಸೇರಿಸಿ 'ಕನ್ನಡ ಸ್ಟ್ಯಾಪ್' ಮಾಡಿಕೊಳ್ಳುವ ಉತ್ಸಾಹ ಬೇಡ. ಮಾತಿಗೂ ಗದ್ದಲಕ್ಕೂ ಎಷ್ಟು ಡೆಸಿಬೆಲ್ ಅಂತರ ಎಂದು ಗೊತ್ತಿಲ್ಲದ, ನೂರಾರು ಮಕ್ಕಳ ಮೇಲೆ ಅಳತೆ ಮಾಡದ ಪರೀಕ್ಷೆಯ ಪಾಸು ನಪಾಸಿಗೆ ಬೆಲೆಯಿಲ್ಲ.

ಹೊರದೇಶದ ಸಾಧನಗಳ ಬಗ್ಗೆ ಚುಟುಕಾಗಿ. ಅಮೆರಿಕದ ಸ್ಕ್ಯಾನ್-3 ಅಚ್ಚುಕಟ್ಟಾದ ಪರೀಕ್ಷೆ. ಆದರೆ ಉಚ್ಚಾರವೂ ಅಂಕದ ಮಾನದಂಡವೂ ಅಲ್ಲಿನ ಮಕ್ಕಳವು. ಅಲ್ಲಿ ಹುಟ್ಟಿ ಬೆಳೆದ ಕನ್ನಡ ಮನೆಗಳ ಮಕ್ಕಳಿಗೆ ಅದೇ ಸರಿ. ಸ್ಕ್ಯಾಪ್‌ನಂಥ ಪ್ರಶ್ನಾವಳಿಗಳೂ ಇವೆ: ಫಿಶರ್ ಅವರ ಪಟ್ಟಿಯಲ್ಲಿ 25 ಅಂಶ, ಚಾಪ್ಸ್ ಎಂಬುದರಲ್ಲಿ 36. ಚಾಪ್ಸ್ ಗದ್ದಲ, ನಿಶ್ಶಬ್ದ, ನೆನಪು, ಗಮನ ಎಂದು ಸನ್ನಿವೇಶ ವಿಂಗಡಿಸಿ ಕೇಳುವುದರಿಂದ ಒಂದೊಂದು ಮಗುವಿನ ಆಳವಾದ ಚಿತ್ರ ಕೊಡುತ್ತದೆ. ಇಡೀ ಶಾಲೆಗೆ ತುಂಬಿಸಲು ಮಾತ್ರ ನಮ್ಮ ಶಿಕ್ಷಕರ ಬಳಿ ಅಷ್ಟು ಹೊತ್ತಿಲ್ಲ.

ಎಪಿಡಿ ಎಂಬುದೇ ಪ್ರತ್ಯೇಕ ತೊಂದರೆಯೋ ಅಥವಾ ಗಮನದ ಕೊರತೆಯ ಇನ್ನೊಂದು ಮುಖವೋ ಎಂಬ ವಾದ ತಜ್ಞರಲ್ಲಿ ಇನ್ನೂ ನಡೆಯುತ್ತಿದೆ. ಬ್ರಿಟನ್ನಿನಲ್ಲಿ 6ರಿಂದ 11 ವರ್ಷದ ಮಕ್ಕಳ ಮೇಲೆ ಡೇವಿಡ್ ಮೂರ್ ತಂಡ ನಡೆಸಿ 2010ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಕೇಳುವ ತೊಂದರೆಗಳಿಗೆ ಕಿವಿಯ ಸೂಕ್ಷ್ಮಕ್ಕಿಂತ ಗಮನದ ಜತೆಗೇ ಹೆಚ್ಚು ನಂಟು ಕಂಡಿತು. ಇದರಿಂದ ತಪಾಸಣೆ ವ್ಯರ್ಥವಾಗುವುದಿಲ್ಲ. ಆದರೆ ಪರೀಕ್ಷಕರು ಒಂದು ಟಿಪ್ಪಣಿ ಬರೆಯುವ ರೂಢಿ ಇಟ್ಟುಕೊಳ್ಳಬೇಕು: ಮೊದಲ ಐದು ನಿಮಿಷ ಸರಿಯಾಗಿ ಉತ್ತರಿಸಿ ಆಮೇಲೆ ಕುಸಿಯಿತೇ, ಶುರುವಿನಿಂದಲೇ ಒಂದೇ ಭಾಗದಲ್ಲಿ ಎಡವಿತೇ? ಮೊದಲನೆಯದು ಗಮನದ ಕಡೆ, ಎರಡನೆಯದು ಸಂಸ್ಕರಣೆಯ ಕಡೆ ಬೆರಳು ತೋರಿಸುತ್ತದೆ. ಪೂರ್ಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್‌ಗೆ ಅಂಕಕ್ಕಿಂತ ಈ ಒಂದು ಸಾಲೇ ಎಷ್ಟೋ ಸಲ ಹೆಚ್ಚು ನೆರವಾಗುತ್ತದೆ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಕಿವುಡುತನವಿದೆ, ಕಲಿಕೆಯ ತೊಂದರೆಯಿದೆ. ಶ್ರವಣ ಸಂಸ್ಕರಣೆಗೆ ಪ್ರತ್ಯೇಕ ಜಾಗವಿಲ್ಲ. ಆದ್ದರಿಂದ ಶಾಲೆಗೆ ಬರುವ ಆರೋಗ್ಯ ತಂಡ ಇದನ್ನು ತಾನಾಗಿ ಹುಡುಕುತ್ತದೆ ಎಂದು ಕಾಯಬಾರದು. ಸ್ಕ್ಯಾಪ್ ಹಾಳೆಗಳನ್ನು ತುಂಬಿ ಇಟ್ಟುಕೊಂಡು, ತಂಡ ಬಂದ ದಿನ ಆರು ಅಥವಾ ಹೆಚ್ಚು ಅಂಕ ಬಂದ ಮಕ್ಕಳ ಕಿವಿ ಪರೀಕ್ಷೆ ಮೊದಲು ಮಾಡಿ ಎಂದು ಮುಖ್ಯ ಶಿಕ್ಷಕರೇ ಕೇಳಬೇಕು. ಪೂರ್ಣ ಪರೀಕ್ಷೆಯ ದಿನ ಸಿಗುವವರೆಗೂ ಮಗುವನ್ನು ಕಿಟಕಿ ಬಾಗಿಲಿನಿಂದ ದೂರ, ಮುಂದಿನ ಬೆಂಚಿನಲ್ಲಿ, ಮೇಷ್ಟ್ರ ಮುಖ ಕಾಣುವ ಹಾಗೆ ಕೂರಿಸಿ. ಸೂಚನೆಗಳನ್ನು ಒಂದೊಂದಾಗಿ ಕೊಡಿ, ಪುಟದ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಇದಕ್ಕೆ ಯಾವ ವರದಿಯೂ ಬೇಕಿಲ್ಲ.

ಮನೆಗೆ ಕಳುಹಿಸುವ ಚೀಟಿಯಲ್ಲಿ 'ನಪಾಸು' ಎಂಬ ಪದವಾಗಲಿ, ಎಪಿಡಿ ಎಂಬ ಹೆಸರಾಗಲಿ ಬರಬಾರದು. ಹೀಗೆ ಬರೆದರೆ ಸಾಕು: "ಶಾಲೆಯಲ್ಲಿ ಮಾಡಿದ ತಪಾಸಣೆಯಲ್ಲಿ ನಿಮ್ಮ ಮಗುವಿಗೆ ಗದ್ದಲದ ನಡುವೆ ಮಾತು ಹಿಡಿಯಲು ಕಷ್ಟವಾಗುತ್ತಿರಬಹುದು ಎಂದು ಕಂಡಿದೆ. ಇದು ಅಂತಿಮ ತೀರ್ಮಾನವಲ್ಲ. ಆಡಿಯಾಲಜಿಸ್ಟ್ ಬಳಿ ಪೂರ್ಣ ಪರೀಕ್ಷೆ ಮಾಡಿಸಿ. ಹೋಗುವಾಗ ಈ ಚೀಟಿ, ಮಗುವಿನ ಉಕ್ತಲೇಖನದ ಪುಸ್ತಕ ಮತ್ತು ಹಿಂದಿನ ಕಿವಿ ಪರೀಕ್ಷೆಯ ವರದಿ ತೆಗೆದುಕೊಂಡು ಹೋಗಿ."